ಹಳೇ ಕಿವಿ, ಹೊಸ ದನಿ

ಸನ್ನಿವೇಲಿನಿಂದ 101 ಹೆದ್ದಾರಿ ಹಿಡಿದು ಕೆಲಸಕ್ಕೆ ಹೋಗುವ ಎಷ್ಟೋ ಜನರ ಕಾರಿನ ರೇಡಿಯೊ 88.5 ಬಿಟ್ಟು ಕದಲುವುದಿಲ್ಲ. ಅದು ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಬಾನುಲಿ ಕೆಕ್ಯೂಇಡಿ. ಬಾನುಲಿಯನ್ನು ಕೇಳುಗರ ಚಂದಾದಿಂದಲೇ ನಡೆಸಬಹುದೆಂದು ತೋರಿಸಿದ್ದೂ ಇದೇ ಕೊಲ್ಲಿಯ ಆಚೆ ದಡ: 1949ರಲ್ಲಿ ಲೂಯಿಸ್ ಹಿಲ್ ಬರ್ಕ್ಲಿಯಲ್ಲಿ ಕೆಪಿಎಫ್‌ಎ ಆರಂಭಿಸಿದರು. ಐವತ್ತು ವರ್ಷದ ಮೇಲೆ, 1999ರಲ್ಲಿ, ಮಾತೃಸಂಸ್ಥೆಯಾದ ಪೆಸಿಫಿಕಾ ಸಿಬ್ಬಂದಿಯನ್ನು ಹೊರಹಾಕಿ ನಿಲಯಕ್ಕೆ ಬೀಗ ಜಡಿದಾಗ ಸಾವಿರಾರು ಕೇಳುಗರು ಬೀದಿಗಿಳಿದರು. ದುಡ್ಡು ಕೊಟ್ಟವರಿಗೆ ಬೈಯುವ ಹಕ್ಕೂ ಇದೆ, ಒಪ್ಪೋಣ.

ಆದರೆ ಹೊಸ ಕಾರ್ಯಕ್ರಮವೊಂದು ಶುರುವಾದ ವಾರ ಬರುವ ಪತ್ರಗಳನ್ನು ಬರೆಯುವವರು ಯಾರು? ಹೆಚ್ಚಿನವರು ಅದೇ ಹೊತ್ತಿಗೆ ಬರುತ್ತಿದ್ದ ಹಳೆಯ ಕಾರ್ಯಕ್ರಮವನ್ನು ಕಳೆದುಕೊಂಡವರು. ಹೊಸದು ಯಾರಿಗಾಗಿ ಬಂತೋ ಅವರಿನ್ನೂ ರೇಡಿಯೊ ಹಚ್ಚಿಯೇ ಇಲ್ಲ. ಪತ್ರ ಬರೆಯುವುದು ದೂರದ ಮಾತು. ಹೀಗಿರುವಾಗ ಹೊಗಳಿಕೆ ಇಷ್ಟು, ತೆಗಳಿಕೆ ಇಷ್ಟು ಎಂದು ಎಣಿಸಿ ತೀರ್ಪು ಕೊಡುವುದು, ಮನೆ ಖಾಲಿ ಮಾಡಿದವರನ್ನು ಹೊಸ ಬಾಡಿಗೆದಾರರ ಬಗ್ಗೆ ಕೇಳಿದ ಹಾಗೆ.

ಹಾಗೆಂದು ಪತ್ರಗಳನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ದೂರು ಯಾವುದರ ಮೇಲೆ ಎಂದು ನೋಡಬೇಕು. ಹೆಸರು ತಪ್ಪಿದ್ದರೆ, ಅಂಕಿ ತಪ್ಪಿದ್ದರೆ, ಒಂದೇ ಕಡೆಯವರನ್ನು ಮಾತಾಡಿಸಿದ್ದರೆ, ಬರೆದವರ ದನಿ ಎಷ್ಟೇ ಒರಟಾಗಿರಲಿ, ಅದೇ ಕಾರ್ಯಕ್ರಮದಲ್ಲಿ, ಅದೇ ಹೊತ್ತಿನಲ್ಲಿ ತಿದ್ದಬೇಕು. ನಡುರಾತ್ರಿ ಓದಿ ಮುಗಿಸಿದ ತಿದ್ದುಪಡಿ ತಿದ್ದುಪಡಿಯಲ್ಲ.

ದನಿಯ ಮೇಲಿನ ದೂರೇ ಬೇರೆ. ‘ದಿಸ್ ಅಮೆರಿಕನ್ ಲೈಫ್’ ಕಾರ್ಯಕ್ರಮದ ಯುವ ವರದಿಗಾರ್ತಿಯರ ಗಂಟಲು ಕರಕರ ಎನ್ನುತ್ತದೆ, ಕೇಳಲಾಗದು ಎಂದು ಕೇಳುಗರು ಬರೆಯುತ್ತಿದ್ದರು. 2015ರಲ್ಲಿ ನಿರೂಪಕ ಐರಾ ಗ್ಲಾಸ್ ಆ ದೂರುಗಳನ್ನೇ ಎತ್ತಿಕೊಂಡು ಪ್ರಸಾರ ಮಾಡಿದರು. ತಮ್ಮ ಗಂಟಲಲ್ಲೂ ಅದೇ ಕರಕರ ಇದೆ, ಅದಕ್ಕೆ ಮಾತ್ರ ಯಾರ ತಕರಾರೂ ಇಲ್ಲ ಎಂದು ತೋರಿಸಿಕೊಟ್ಟರು. ಇಂಥ ದೂರಿಗೆ ಮರ್ಯಾದೆಯ ಉತ್ತರ ಸಾಕು, ದನಿ ಬದಲಿಸಬೇಕಿಲ್ಲ. ನಮ್ಮವರೇನು ಕಡಿಮೆಯೇ? ಧಾರವಾಡದವರೋ ಮಂಗಳೂರಿನವರೋ ಮೈಕಿನ ಮುಂದೆ ಬಂದರೆ ಸಾಕು, ‘ಇದೆಂಥ ಕನ್ನಡ’ ಎನ್ನುವವರು ಕ್ಯಾಲಿಫೋರ್ನಿಯಕ್ಕೆ ಬಂದ ಮೇಲೂ ಆ ಚಟ ಬಿಟ್ಟಿಲ್ಲ.

ಹಾಗೆಂದು ಕೇಳುಗರ ಅಭಿರುಚಿಯನ್ನೇ ತಿದ್ದಲು ಹೊರಟರೆ ಏನಾಗುತ್ತದೆಂದು ನಮಗೆ ಗೊತ್ತು. 1952ರಲ್ಲಿ ಭಾರತದ ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡುಗಳು ಕೀಳೆಂದು ಆಕಾಶವಾಣಿಯಿಂದ ದೂರವಿಟ್ಟರು. ಜನ ವಾದಕ್ಕಿಳಿಯಲಿಲ್ಲ. ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಚ್ಚಿದರು. 1957ರಲ್ಲಿ ವಿವಿಧ ಭಾರತಿ ಶುರುಮಾಡಿ ಅದೇ ಹಾಡುಗಳನ್ನು ಕರೆತರಬೇಕಾಯಿತು. ಅಷ್ಟು ಹೊತ್ತಿಗೆ ರೇಡಿಯೊ ಸಿಲೋನಿನ ನಿರೂಪಕ ಅಮೀನ್ ಸಯಾನಿ ಮನೆಮಾತಾಗಿದ್ದರು.