ರಸಮಂಜರಿಯ ಮುಂದಿನ ಗದ್ದಲ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ, ತೇರಿನ ಜೊತೆಗೆ ಒಂದು ರಾತ್ರಿ ಆರ್ಕೆಸ್ಟ್ರಾ ಇರಬೇಕೆಂಬುದು ಹಲವು ಊರುಗಳ ಆಸೆ. ಅಲ್ಲಿ ಹಾಡುವವರ ಮೇಲೆ ತಕರಾರು ಕಡಿಮೆ, ಇರುವುದೆಲ್ಲ ಕೇಳುವವರ ಮೇಲೆ. ಶಿಳ್ಳೆ, ವೇದಿಕೆ ಮುಂದಿನ ಕುಣಿತ, ‘ಒನ್ಸ್ ಮೋರ್’ ಕೂಗು, ಇವನ್ನು ತಡೆಯಬೇಕೋ ಬಿಡಬೇಕೋ?

ಬಿಡಬೇಕೆನ್ನುವವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಾಯಿ ಮುಚ್ಚಿ ಕೂರುವುದೇ ರಸಿಕತೆ ಎಂದು ನಮ್ಮ ಪ್ರೇಕ್ಷಕರು ಎಂದೂ ಒಪ್ಪಿದವರಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಕಾಲದಿಂದಲೂ ವೃತ್ತಿ ರಂಗಭೂಮಿಯಲ್ಲಿ ರಂಗಗೀತೆಗೆ ‘ಒನ್ಸ್ ಮೋರ್’ ಬಿದ್ದರೆ ಹಾರ್ಮೋನಿಯಂ ಮೇಷ್ಟ್ರು ಮತ್ತೆ ಪಲ್ಲವಿಗೆ ಬರುತ್ತಿದ್ದರು. ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯುತ್ತಿತ್ತೆಂದು ಹಳಬರು ಇವತ್ತಿಗೂ ನಗುತ್ತಾರೆ. ವರ್ಷವಿಡೀ ಅಡಿಕೆ, ಈರುಳ್ಳಿ, ಕೊಬ್ಬರಿಯ ದರ ನೋಡಿಕೊಂಡೇ ದುಡಿಯುವ ಜನಕ್ಕೆ ಕುಣಿಯಲು ಸಿಗುವುದೂ ಒಂದೋ ಎರಡೋ ರಾತ್ರಿ.

ಆದರೆ ಎದುರು ಪಕ್ಷದವರು ಅದೇ ಪರಂಪರೆಯಿಂದಲೇ ಉತ್ತರ ಕೊಡಬಲ್ಲರು. ಕಚೇರಿಯಲ್ಲಿ ‘ಭಲೇ’ ಎನ್ನುವವನು ಸಂಗತಿ ಮುಗಿಯುವ ತನಕ ಕಾಯುತ್ತಾನೆ. ಅವನ ಮೆಚ್ಚುಗೆ ಹಾಡನ್ನು ನುಂಗುವುದಿಲ್ಲ. ಆರ್ಕೆಸ್ಟ್ರಾದಲ್ಲಿ ಮುಂದಿನ ಸಾಲಿನ ಹುಡುಗರು ಎದ್ದು ನಿಂತರೆಂದರೆ ಹಿಂದಿನಿಂದ ‘ಕೂತ್ಕಳ್ರೋ’ ಎಂಬ ಕೂಗು ಏಳುತ್ತದೆ. ಸಂಜೆಯೇ ಬಂದು ಚಾಪೆ ಹಾಸಿ ಜಾಗ ಹಿಡಿದ ಹೆಂಗಸರಿಗೆ ಕೊನೆಗೆ ಕಾಣುವುದು ಬೆನ್ನುಗಳು ಮಾತ್ರ. ಎಷ್ಟೋ ಮಂದಿ ಎರಡನೇ ಹಾಡಿಗೇ ಚಾಪೆ ಸುತ್ತುತ್ತಾರೆ. ಗಾಯಕಿ ಹಾಡುವಾಗ ತೂರಿಬರುವ ಕೆಲವು ಮಾತುಗಳನ್ನಂತೂ ಮೆಚ್ಚುಗೆಯೆಂದು ಯಾವ ಪಕ್ಷದವರೂ ಸಮರ್ಥಿಸಲಾರರು.

ಬಿಡದಿಯ ವಂಡರ್‌ಲಾದಂಥ ಕಡೆ ಅಬ್ಬರದ ಕುಣಿತ ಯಾರಿಗೂ ತಪ್ಪೆನಿಸುವುದಿಲ್ಲವಲ್ಲ, ಹಳ್ಳಿಯವರಿಗೆ ಮಾತ್ರ ಏಕೆ ಶಿಸ್ತಿನ ಪಾಠ ಎಂಬ ಪ್ರಶ್ನೆಯೂ ಇದೆ. ನ್ಯಾಯವಾದ ಪ್ರಶ್ನೆಯೇ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ: ಅಲ್ಲಿಗೆ ಬಂದವರು ಟಿಕೆಟ್ ಕೊಂಡು ಬಂದವರು, ಸಾಕೆನಿಸಿದರೆ ಎದ್ದು ಹೋಗಬಹುದು. ಊರ ನಡುವಿನ ಸ್ಪೀಕರಿನಿಂದ ಕಾಯಿಲೆ ಮಲಗಿದವರು ಎಲ್ಲಿಗೆ ಹೋಗಬೇಕು? ಜಾತ್ರೆಯ ಕಾಲವೂ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾಲವೂ ಹೆಚ್ಚುಕಡಿಮೆ ಒಂದೇ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವಗಳಿಗೆ ಸರ್ಕಾರ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ.

ನಿಯಮವನ್ನು ಅಕ್ಷರಶಃ ಹಿಡಿದರೆ ಇನ್ನೊಂದು ತೊಡಕು. ದೇವರ ಕೆಲಸ, ಊಟ, ಗಣ್ಯರ ಭಾಷಣ, ಸನ್ಮಾನ ಎಲ್ಲ ಮುಗಿದು ಕೀಬೋರ್ಡು ಶ್ರುತಿ ಹಿಡಿಯುವ ಹೊತ್ತಿಗೇ ಒಂಬತ್ತೂವರೆ. (ಶಾಲು ಹೊದಿಸುವುದು ಅರ್ಧ ಗಂಟೆ ತಿಂದದ್ದನ್ನು ಯಾರೂ ಗದ್ದಲವೆಂದು ಕರೆಯುವುದಿಲ್ಲ.) ಆಗ ಪೊಲೀಸರು ಬಂದು ನಿಲ್ಲಿಸಿದರೆ ನೆರೆದವರ ಸಿಟ್ಟು ಅಸಹಜವೇನಲ್ಲ.

ಹೀಗಿರುವಾಗ ಕುಣಿತವನ್ನೇ ನಿಷೇಧಿಸುವುದು ಸರಿಯಾಗಲಾರದು, ಹಾಗೇ ಬಿಟ್ಟುಬಿಡುವುದೂ ಸರಿಯಲ್ಲ. ಭಾಷಣ ಮೊಟಕು ಮಾಡಿ ಏಳಕ್ಕೇ ಹಾಡು ಶುರು ಮಾಡಬಹುದು. ಮೊದಲ ಗಂಟೆ ಕೂತು ಕೇಳುವ ಹಳೆಯ ಹಾಡುಗಳಿಗಿರಲಿ, ಕುಣಿಯುವವರಿಗೆ ವೇದಿಕೆಯ ಪಕ್ಕದಲ್ಲಿ ಹಗ್ಗ ಕಟ್ಟಿ ಜಾಗ ಬಿಡಲಿ. ಇದರಿಂದ ಇಬ್ಬರಿಗೂ ಪೂರ್ತಿ ತೃಪ್ತಿ ಸಿಗಲಿಕ್ಕಿಲ್ಲ, ಆದರೆ ಇಬ್ಬರೂ ಕೊನೆಯವರೆಗೆ ಉಳಿಯಬಹುದು. ಜಾತ್ರಾ ಸಮಿತಿಯವರು ಈ ಸಲ ಕರಪತ್ರ ಅಚ್ಚು ಹಾಕಿಸುವಾಗ ಕಾರ್ಯಕ್ರಮ ಶುರುವಾಗುವ ಹೊತ್ತಿನ ಜೊತೆಗೆ ಮುಗಿಯುವ ಹೊತ್ತನ್ನೂ ಹಾಕಿಸಲಿ.