ಗಂಟಲಿನ ಓಟೆ

ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿರುವುದು. ನುಂಗಿದರೆ ಇಳಿಯದು, ಕೆಮ್ಮಿದರೆ ಬಾರದು. ಅನ್ನಪಾನಗಳಿಗೆ ಮಾತ್ರ ಅಡ್ಡಿಯಿಲ್ಲ. ಈ ಬಾಧೆಯನ್ನು ಚೀನದೇಶದ ವೈದ್ಯರು ಬಹುಕಾಲದಿಂದ ಬಲ್ಲರು. ಸುಮಾರು 1800 ವರ್ಷಗಳ ಹಿಂದೆ ಇದ್ದ ಝಾಂಗ್ ಝೊಂಗ್‌ಜಿಂಗ್ ಎಂಬ ವೈದ್ಯನು ಸ್ತ್ರೀಯರ ವ್ಯಾಧಿಗಳನ್ನು ಹೇಳುವಾಗ ಇದನ್ನು ವರ್ಣಿಸಿ ಔಷಧವನ್ನೂ ಕೊಟ್ಟಿರುವನು. ಮುಂದಿನವರು ಇದಕ್ಕೆ 'ಪ್ಲಮ್ ಹಣ್ಣಿನ ಓಟೆಯ ಛೀ' ಎಂದು ಹೆಸರಿಟ್ಟರು.

'ಛೀ' ಎಂಬುದು ನಮ್ಮ ಕಿವಿಗೆ ಧಿಕ್ಕಾರದಂತೆ ಕೇಳಿಸುವುದಷ್ಟೆ! ಆದರೆ ಚೀನೀಯರಿಗೆ ಅದು ದೇಹದಲ್ಲಿ ಸಂಚರಿಸುವ ಚೈತನ್ಯ. ಅವರ ಹಳೆಯ ಲಿಪಿಯಲ್ಲಿ ಹಬೆಯ ಗುರುತಿನ ಕೆಳಗೆ ಅಕ್ಕಿಯ ಗುರುತನ್ನು ಬರೆದು ಈ ಶಬ್ದವನ್ನು ಸೂಚಿಸುವರು. ನಮ್ಮ ಪ್ರಾಣವಾಯುವೇ ಇದೆಂದು ಹೇಳಲಾಗದು, ಸಮೀಪದ ನೆಂಟನೆನ್ನಬಹುದು. ಇದರ ಸರಾಗವಾದ ಸಂಚಾರಕ್ಕೆ ಯಕೃತ್ತು ಅಧಿಕಾರಿ ಎಂದು ಅವರ ಮತ. ನುಂಗಿಕೊಂಡ ಕೋಪ, ಬಿಡದ ಚಿಂತೆ, ಕುಳಿತಲ್ಲೇ ಕುಳಿತಿರುವ ಅಭ್ಯಾಸ, ಇವುಗಳಿಂದ ಛೀ ತಡೆದು ನಿಂತು ಪಕ್ಕೆಬಿಗಿತ, ನಿಟ್ಟುಸಿರು, ಹೊಟ್ಟೆಯುಬ್ಬರ, ಋತುಕಾಲದ ತೊಂದರೆಗಳು ಉಂಟಾಗುವುವಂತೆ. ಝು ಡಾನ್‌ಶಿ (1281–1358) ಎಂಬ ಪಂಡಿತನು ಇಂಥ ತಡೆಗಳನ್ನು ಆರಾಗಿ ವಿಂಗಡಿಸಿದನು. 2009ರಲ್ಲಿ ಚೀನದ ವೈದ್ಯಸಂಘವು ಒಪ್ಪಿದ ಒಂಬತ್ತು ದೇಹಪ್ರಕೃತಿಗಳಲ್ಲಿಯೂ ಛೀ ತಡೆದ ಪ್ರಕೃತಿಯೊಂದುಂಟು.

ಆಹಾರದಲ್ಲಿ ಅವರು ಮುಖ್ಯವಾಗಿ ಹೇಳುವುದು ಪರಿಮಳದ ವಸ್ತುಗಳನ್ನು. ಕಿತ್ತಳೆಯ ಜಾತಿಯ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ವರ್ಷಗಟ್ಟಲೆ ಹಳೆಯದಾಗಿಸುವರು. ಗ್ವಾಂಗ್‌ಡಾಂಗ್ ಪ್ರಾಂತದ ಶಿನ್‌ಹುಯಿ ಎಂಬಲ್ಲಿಯ ಸಿಪ್ಪೆ ಇದಕ್ಕೆ ಪ್ರಸಿದ್ಧ. ಮೂರು ವರ್ಷವಾದರೂ ಕಳೆಯದೆ ಅದಕ್ಕೆ ಆ ಹೆಸರು ಸಲ್ಲದು. ನಮ್ಮ ಮನೆಗಳ ಹಳೆಯ ಹುಣಿಸೆಯ, ಹಳೆಯ ಅಕ್ಕಿಯ ಗೌರವವು ವಾಚಕರಿಗೆ ನೆನಪಾಗದಿರದು. ಈ ಸಿಪ್ಪೆಯ ಚೂರನ್ನು ಗಂಜಿಯಲ್ಲಿ ಬೇಯಿಸುವರು. ಗುಲಾಬಿಯ ಮೊಗ್ಗನ್ನು ಬಿಸಿನೀರಿನಲ್ಲಿ ನೆನೆಸಿ ಕುಡಿಯುವರು. ಉಂಡದ್ದು ಭಾರವಾದರೆ ಮೂಲಂಗಿ. ಕೋಪದಲ್ಲಿರುವಾಗ ಉಣ್ಣಬಾರದೆಂಬುದು ಎಲ್ಲಕ್ಕಿಂತ ಕಠಿಣವಾದ ಪಥ್ಯವೆಂದು ನಮಗೆ ತೋರುವುದು.

ಇನ್ನೊಂದು ಸ್ವಾರಸ್ಯ. ಛೀಯ ತಡೆಗೆ ಅವರು ಬಹಳವಾಗಿ ಬಳಸುವ ಮೂಲಿಕೆಯು ನಮ್ಮ ರೈತನು ಶಪಿಸುತ್ತ ಕಿತ್ತೆಸೆಯುವ ಕೊನ್ನಾರಿಯ ಗಡ್ಡೆಯೇ. ಆಯುರ್ವೇದದಲ್ಲಿ ಮುಸ್ತಾ ಎಂಬ ಹೆಸರಿನಿಂದ ಜ್ವರಕ್ಕೂ ಅಜೀರ್ಣಕ್ಕೂ ವಿಧಿಸಲ್ಪಟ್ಟದ್ದು ಇದೇ. ಲೀ ಶಿಝೆನ್ 1578ರಲ್ಲಿ ಮುಗಿಸಿದ ಮಹಾನಿಘಂಟಿನಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ.

ನಡೆದಾಡುವುದೂ, ಎರಡು ಕೈಗಳನ್ನು ಆಕಾಶದ ಕಡೆಗೆ ಎತ್ತಿ ಆರಂಭಿಸುವ ಬಾದುವಾನ್‌ಜಿನ್ ಎಂಬ ಎಂಟು ಬಗೆಯ ವ್ಯಾಯಾಮವೂ ಅವರಲ್ಲಿ ರೂಢಿ. ಇದಕ್ಕೆ ಖರ್ಚಿಲ್ಲ, ಅಂಗಳವಿದ್ದರೆ ಸಾಕು.

ಆದರೆ ಛೀಯನ್ನು ಯಾವ ಯಂತ್ರವೂ ಅಳೆದಿಲ್ಲವೆಂಬುದನ್ನು ಮರೆಯಲಾಗದು. ಗಂಟಲಿನ ಈ ಗಂಟಿಗೆ ಇಂದಿನ ವೈದ್ಯರು ಗ್ಲೋಬಸ್ ಎಂದು ಹೆಸರಿಟ್ಟು, ಹೊಟ್ಟೆಯ ಹುಳಿ ಮೇಲೇರುವುದನ್ನೂ ಮನಸ್ಸಿನ ಕಳವಳವನ್ನೂ ಅದರ ಕಾರಣಗಳಲ್ಲಿ ಎಣಿಸುವರು. ಎರಡು ಮತಗಳೂ ಇಲ್ಲಿ ಒಂದೇ ಬಾಗಿಲಿಗೆ ಬಂದು ನಿಲ್ಲುವುವು. ಮನೆಯಲ್ಲಿ ಎಲ್ಲರೂ ಉಂಡಮೇಲೆ ಉಣ್ಣುವವಳು, ಎಲ್ಲರ ಮಾತು ಮುಗಿದಮೇಲೂ ಮಾತಾಡಲಾರದವಳು ಗಂಟಲು ಹಿಡಿದಿದೆಯೆಂದರೆ, ಯಜಮಾನರು ಕಿತ್ತಳೆಸಿಪ್ಪೆಯನ್ನು ತಂದುಕೊಟ್ಟು ಕೃತಾರ್ಥರಾದೆವೆಂದುಕೊಳ್ಳಬಾರದು. ಏನಾಯಿತೆಂದು ಕೇಳಬೇಕು, ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಬೇಕು. ಈ ಎರಡನೆಯದು ನಮ್ಮ ವಯಸ್ಸಿನ ಗಂಡಸರಿಗೆ ಬಲು ಕಷ್ಟ.

ಅನ್ನವೇ ಗಂಟಲಲ್ಲಿ ನಿಲ್ಲುವುದಾದರೆ, ದೇಹ ಇಳಿಯುತ್ತಿದ್ದರೆ, ಎದೆನೋವು ಬಂದರೆ, ಅಥವಾ ದುಃಖವು ವಾರಗಳಾದರೂ ಬಿಡದಿದ್ದರೆ, ಗಂಜಿಗೂ ಗುಲಾಬಿಗೂ ಕಾಯದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗತಕ್ಕದ್ದು.