265ರಿಂದ 196ಕ್ಕೆ: ಅತಿ ಭಾರದ ನಕ್ಷತ್ರದ ತೂಕ ಇಳಿದಿದ್ದೇಕೆ?

ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದ ಆರ್136ಎ1, ಈವರೆಗೆ ಪತ್ತೆಯಾದ ಅತಿ ಭಾರದ ನಕ್ಷತ್ರ. ದೂರದರ್ಶಕಗಳು ಸುಧಾರಿಸಿದಂತೆಲ್ಲ ಅದರ ಲೆಕ್ಕ ಬದಲಾಗುತ್ತಿದೆ. 1980ರ ದಶಕದ ಆರಂಭದಲ್ಲಿ ಅಲ್ಲಿರುವುದು ಸಾವಿರಾರು ಸೂರ್ಯರಷ್ಟು ತೂಗುವ ಒಂದೇ ತಾರೆ ಎಂದು ಕೆಲವರು ಭಾವಿಸಿದ್ದರು. 1985ರಲ್ಲಿ ಅದು ನಕ್ಷತ್ರಗಳ ಗುಂಪು ಎಂದು ತಿಳಿಯಿತು. ಆ ಗುಂಪಿನ ಆರ್136ಎ1, 2010ರ ಅಂದಾಜಿನಲ್ಲಿ ಸೂರ್ಯನ 265 ಪಟ್ಟು ಭಾರವಿತ್ತು. 2022ರಲ್ಲಿ ಚಿಲಿಯ ಜೆಮಿನಿ ಸೌತ್ ದೂರದರ್ಶಕದ ಚಿತ್ರಗಳು ಅದನ್ನು ಸುಮಾರು 196ಕ್ಕೆ ಇಳಿಸಿದವು.

ಇದು ಬರೀ ಅಂಕಿಯಾಟವಲ್ಲ. ಇಂಥ ತಾರೆಗಳು ಸಿಡಿದಾಗ ಭಾರವಾದ ಧಾತುಗಳು ಬಾಹ್ಯಾಕಾಶಕ್ಕೆ ಚೆಲ್ಲುತ್ತವೆ. ತೂಕ ಕಡಿಮೆಯಾದರೆ ಧಾತುಗಳ ಮೂಲದ ಲೆಕ್ಕವನ್ನೂ ತಿದ್ದಬೇಕಾಗುತ್ತದೆ.

ದಟ್ಟ ತಾರಾಗುಂಪುಗಳನ್ನು ಬಿಡಿಸಿ ನೋಡಬಲ್ಲ 30 ಮೀಟರ್ ದೂರದರ್ಶಕದ ಯೋಜನೆಯಲ್ಲಿ ಭಾರತವೂ ಪಾಲುದಾರ. ಅದರ ಕನ್ನಡಿಗಳಿಗೆ ಹೊಳಪು ಕೊಡುವ ಘಟಕ ಹೊಸಕೋಟೆಯಲ್ಲಿದೆ. ಆದರೆ ಹವಾಯಿಯ ಮೌನಾ ಕೀ ಪರ್ವತದಲ್ಲಿ ಸ್ಥಳೀಯರ ವಿರೋಧದಿಂದ ಕಾಮಗಾರಿ ನಿಂತಿದೆ.